ಗುರಪ್ಪ ಬರೆದುಕೊಟ್ಟ ಹಾಳೆ

ನಮ್ಮ ಕಡೆ ಅಮಾವಾಸ್ಯೆಗೆ ಮನುಷ್ಯರ ಜಳಕ ತಪ್ಪಿದರೂ ಗಾಡಿಗಳ ಜಳಕ ತಪ್ಪುವುದಿಲ್ಲ. ಬನಹಟ್ಟಿ, ಜಮಖಂಡಿ, ಮುಧೋಳ, ಎಲ್ಲಿ ಬೇಕಾದರೂ ನೋಡಿ, ಅಂದು ಮುಂಜಾನೆ ಮನೆಮನೆಯ ಮುಂದೆ ಪೈಪು ಹಿಡಿದು ಒಬ್ಬ ನಿಂತಿರುತ್ತಾನೆ. ಹೊರಗೆ ತೊಳೆದರೆ ಸಾಲದು, ಬಾನೆಟ್ ಎತ್ತಿ ಇಂಜಿನ್ನಿಗೂ ನೀರು ಬಿಡಬೇಕು. ಆಮೇಲೆ ಅದರ ಮೇಲೆ ಮೂರು ಬೆರಳಿನ ವಿಭೂತಿ, ಗಾಲಿಯ ಕೆಳಗೆ ಲಿಂಬಿಹಣ್ಣು, ಮುಂದೆ ಮೆಣಸಿನಕಾಯಿ ಸರ, ಒಂದು ತೆಂಗಿನಕಾಯಿ. ಮರುದಿನ ಗಾಡಿ ಚಾಲೂ ಮಾಡಿದರೆ ಮೀಟರಿನಲ್ಲಿ ಹಳದಿ ದೀಪ. ಇಂಜಿನ್ನಿನ ಚಿತ್ರ ಇರುವ ಆ ಸಣ್ಣ ದೀಪ ಕಂಡ ಕೂಡಲೇ ಎಲ್ಲರೂ ಗುರಪ್ಪನ ಗ್ಯಾರೇಜಿನ ಮುಂದೆ ಸಾಲು ಹಚ್ಚುತ್ತಿದ್ದರು.

"ದೇವರಿಗೆ ಕೈ ಮುಗೀರೆಪಾ, ಬ್ಯಾಡ ಅನ್ನೂದಿಲ್ಲ. ಆದ್ರ ವೈರಿಂಗಿಗೆ ಯಾಕ ಅಭಿಷೇಕ ಮಾಡ್ತೀರಿ?" ಎಂದು ಗುರಪ್ಪ ಒಬ್ಬೊಬ್ಬರಿಗೂ ಬೈಯುತ್ತಿದ್ದ. ಬೈಯುತ್ತಲೇ ಒಂದೊಂದು ವೈರಿನ ಜೋಡಣೆ ಬಿಚ್ಚಿ, ಗಾಳಿ ಹೊಡೆದು, ಒಣಬಟ್ಟೆಯಿಂದ ಒರೆಸಿ, ಮತ್ತೆ ಸಿಗಿಸುತ್ತಿದ್ದ. ಸ್ಕ್ಯಾನರ್ ಹಚ್ಚಿ, ಗಾಡಿ ತೋರಿಸುವ ದೋಷದ ನಂಬರ್ ಓದಿ, ಅದು ನೀರಿನ ನಂಬರೇ ಹೌದೆಂದು ಖಾತ್ರಿ ಮಾಡಿಕೊಂಡು ಅಳಿಸುತ್ತಿದ್ದ. ಇಷ್ಟಕ್ಕೆ ಒಂದು ಚಹಾ ಕುಡಿಸಿದರೆ ಸಾಕು, ಬೇರೆ ಏನೂ ಮುಟ್ಟುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನಡೆದು, ಅಮಾವಾಸ್ಯೆಯ ಮರುದಿನ ದೀಪ ಹತ್ತಿದರೆ ಅದು ನೀರು, ಒಣಗಿಸಿದರೆ ಆರುತ್ತದೆ ಎಂಬ ಪಾಠ ಊರಿಗೆಲ್ಲ ಬಾಯಿಪಾಠವಾಯಿತು. ಕಲಿಸಿದವನು ಅವನೇ. ಅದೇ ಪಾಠವನ್ನು ನಾನು ಅವನ ಕೊರಳಿಗೆ ಬಿಗಿದೆ.

ನಾನು ಅಂದರೆ ಶಿವಪುತ್ರ, ಚಿಮ್ಮಡದ ಮುರಗೆಪ್ಪ ಸಾವಕಾರರ ಡ್ರೈವರ್. ಅವರ ಗಾಡಿ ಓಡಿಸಲು ಹತ್ತಿ ಹದಿನೆಂಟು ವರ್ಷವಾಯಿತು. ಪಿಯುಸಿ ಫೇಲಾದವನು, ಆದರೂ ಬರೆಯಲು ಬರುತ್ತದೆ. ಬಾಯಿ ಬಿಡಬೇಕಾದ ಕಡೆ ಬಾಯಿ ಬಿಡದೆ ಈಗ ಕೂತು ಬರೆದು ಏನು ಉದ್ಧಾರ ಮಾಡುತ್ತೀ ಎಂದು ಯಾರಾದರೂ ಕೇಳಬಹುದು. ಕೇಳುವವರಿಗೂ ನಾಚಿಕೆಯಾಗುವುದು ಬೇಡ, ಓದಿ ಬಿಡಿ.

ಗುರಪ್ಪ ರಬಕವಿಯವನು. ಅವನ ಅಪ್ಪ ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕೂಲಿಗೆ ಮಗ್ಗ ನಡೆಸುತ್ತಿದ್ದ, ತಾಯಿ ಯಂಕವ್ವ ಅಲ್ಲೇ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸಾಲೆ ಏಳನೆಯ ಇಯತ್ತೆಗೆ ಮುಗಿಯಿತು. ನಲವತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಕಣ್ಣು ಮುಚ್ಚಿ ನಿಂತು, ಯಾವ ಮಗ್ಗ ಇನ್ನರ್ಧ ತಾಸಿಗೆ ನಿಲ್ಲುತ್ತದೆ ಎಂದು ಹೇಳುತ್ತಿದ್ದನಂತೆ. ಆ ಕಿವಿಯನ್ನೇ ಬಂಡವಾಳ ಮಾಡಿಕೊಂಡು ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋದ, ಅಲ್ಲಿಂದ ಬಂದು ಬನಹಟ್ಟಿಯ ಹೊರಗೆ ಚಿಮ್ಮಡ ದಾರಿಯಲ್ಲಿ ನಾಲ್ಕು ತಗಡು ಹೊದಿಸಿ ತನ್ನದೇ ಗ್ಯಾರೇಜು ತೆಗೆದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು ಕೇಳುತ್ತಿದ್ದ. ಆಗ ಅವನ ಮುಖ ನೋಡಬೇಕು. ಪಕ್ಕದಲ್ಲಿ ಹೆಣ ಬಿದ್ದರೂ ತಿರುಗುತ್ತಿರಲಿಲ್ಲ.

ಆಮೇಲೆ ಹೊಸ ಗಾಡಿಗಳು ಬಂದವು. ಇಂಜಿನ್ನಿಗೆ ಉರಿಯಲು ಎಷ್ಟು ಎಣ್ಣೆ, ಎಷ್ಟು ಗಾಳಿ ಎಂದು ಹೇಳಲು ಒಳಗೆ ಒಂದು ಕಂಪ್ಯೂಟರ್ ಡಬ್ಬಿ ಬಂತು. ಏನಾದರೂ ಕೆಟ್ಟರೆ ಆ ಡಬ್ಬಿ ಹಳದಿ ದೀಪ ಹಚ್ಚಿ, ಒಂದು ನಂಬರನ್ನು ತನ್ನೊಳಗೆ ಬರೆದಿಟ್ಟುಕೊಂಡು ಸುಮ್ಮನಾಗುತ್ತದೆ. ಕಿವಿಗೆ ಏನೂ ಕೇಳುವುದಿಲ್ಲ. ಊರಿನ ಬೇರೆ ಮಿಸ್ತ್ರಿಗಳು ಕಂಪನಿಯವರನ್ನು ಬೈಯುತ್ತ ಕೂತರು. ನಲವತ್ತೈದರ ಗುರಪ್ಪ ಸ್ಕ್ಯಾನರ್ ತರಿಸಿದ. ಅದರಲ್ಲಿ ಬರುವುದೆಲ್ಲ ಇಂಗ್ಲಿಷು. ಮಗಳು ರೇಷ್ಮಾ ಆಗ ಜಮಖಂಡಿಯಲ್ಲಿ ಬಿ.ಎಸ್ಸಿ ಓದುತ್ತಿದ್ದಳು. ಸಂಜೆ ಬಸ್ಸಿಳಿದು ನೇರ ಗ್ಯಾರೇಜಿಗೆ ಬಂದು, ಒಂದೊಂದು ನಂಬರಿನ ಅರ್ಥ ಓದಿ ಹೇಳುವಳು, ಇವನು ತನ್ನ ಕನ್ನಡದಲ್ಲಿ ವಹಿಯಲ್ಲಿ ಬರೆದುಕೊಳ್ಳುವನು.

ಆ ವಹಿಯನ್ನು ನಾನು ನೋಡಿದ್ದೇನೆ. ಸಿಲಿಂಡರಿಗೆ ಅವನು 'ಮನೆ' ಅನ್ನುತ್ತಿದ್ದ. ಪಿ ಸೊನ್ನೆ ಮುನ್ನೂರಾ ಎರಡು ಅಂದರೆ 'ಎರಡನೇ ಮನೆಯಲ್ಲಿ ಒಲೆ ಹೊತ್ತುತ್ತಿಲ್ಲ'. ಪಿ ಸೊನ್ನೆ ನೂರಾ ಎಪ್ಪತ್ತೊಂದು ಅಂದರೆ 'ಗಾಳಿ ಹೆಚ್ಚು, ಎಣ್ಣೆ ಕಡಿಮೆ'. ಪಿ ಸೊನ್ನೆ ನಾನೂರಾ ಇಪ್ಪತ್ತು ಅಂದರೆ 'ಹೊಗೆ ಸೋಸುವ ಡಬ್ಬಿ ದಣಿದಿದೆ'. ಇಂಜಿನಿಯರಿಂಗ್ ಓದಿದವರೂ ಇಷ್ಟು ಚೆಂದ ಹೇಳಲಾರರು.

"ಮಂದಿ ನಂಬರ್ ಬಂದ ಕೂಡ್ಲೆ ಪಾರ್ಟ್ ಬದಲಿ ಮಾಡ್ತಾರ ತಮ್ಮಾ," ಎಂದು ಒಮ್ಮೆ ನನಗೆ ಹೇಳಿದ್ದ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದ. "ಅದು ತಪ್ಪು. ನಂಬರ್ ಅಂದ್ರ ಬರೇ ಚಾಡಿ. ಓಣ್ಯಾಗ ಜಗಳ ನಡದೈತಿ ಅಂತ ಯಾರರೆ ಬಂದು ಹೇಳಿದಂಗ. ಯಾರ ಮನ್ಯಾಗ, ಯಾಕ ನಡದೈತಿ ಅನ್ನೂದು ನಾವ ಹೋಗಿ ನೋಡಬೇಕು."

ಅವನದೊಂದು ಪದ್ಧತಿ ಇತ್ತು. ಗ್ಯಾರೇಜಿನ ಕಂಬಕ್ಕೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುಹಾಕಿದ್ದ. ಗಾಡಿಯಲ್ಲಿ ಏನಾದರೂ ದೊಡ್ಡ ದೋಷ ಕಂಡರೆ ಅಂದಿನ ಹಾಳೆ ಹರಿದು, ಅದರ ಹಿಂದೆ ಗಾಡಿಯ ನಂಬರು, ದೋಷದ ನಂಬರು, ಅದರ ಅರ್ಥ, ಏನು ಮಾಡಬೇಕು, ಏನು ಮಾಡಬಾರದು, ಎಲ್ಲ ಬರೆದು ಕೆಳಗೆ ಸಹಿ ಹಾಕಿ ಕೊಡುತ್ತಿದ್ದ. ಮುಂದಿನ ಕಡೆ ತಾರೀಖು ಹೇಗೂ ದಪ್ಪಕ್ಕೆ ಅಚ್ಚಾಗಿರುತ್ತದಲ್ಲ. ನಾಳೆ ಯಾರೂ ಗುರಪ್ಪ ಹೇಳಲಿಲ್ಲ ಅನ್ನಬಾರದು. ತನಗೆಂದು ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ಹಾಳೆ ಗಾಡಿಯವನದು, ತನಗೇಕೆ ಅನ್ನುತ್ತಿದ್ದ.

ಇನ್ನೊಂದು ಹಟವೂ ಇತ್ತು. ಗಾಡಿ ಮಾರಲು ಹೊರಟವರು ಬಂದು, ದುರಸ್ತಿ ಬೇಡ, ಬರೇ ದೀಪ ಆರಿಸಿಕೊಡು ಅಂದರೆ ಸಿಡಿದೇಳುತ್ತಿದ್ದ. "ರೋಗ ಒಳಗ ಬಿಟ್ಟು ನಾಲಗಿ ಕೊಯ್ಯೂ ಕೆಲಸ ನಂದಲ್ಲ, ನಡೀರಿ." ಇದರಿಂದ ಒಂದಿಷ್ಟು ಗಿರಾಕಿ ಹೋದರು, ಆದರೆ ಹೆಸರು ಬೆಳೆಯಿತು. ಹಿಪ್ಪರಗಿಯಿಂದ ಬೀಳಗಿಯ ತನಕ ಹಳೇ ಗಾಡಿ ಕೊಳ್ಳುವವರು ಮೊದಲು ಕೇಳುತ್ತಿದ್ದ ಪ್ರಶ್ನೆ, ಗುರಪ್ಪ ನೋಡಿದ್ದಾನೋ ಇಲ್ಲವೋ ಎಂಬುದು. ತಗಡಿನ ಶೆಡ್ಡು, ಎಣ್ಣೆ ಮೆತ್ತಿದ ಎರಡು ಜೊತೆ ಬಟ್ಟೆ ಬಿಟ್ಟರೆ ಆ ಹೆಸರೊಂದೇ ಅವನ ಆಸ್ತಿ.

ಸಾವಕಾರರದು ಬಿಳಿಯ ದೊಡ್ಡ ಡೀಸೆಲ್ ಗಾಡಿ, ಏಳು ಮಂದಿ ಕೂಡುವಂಥದು. ಹೊಸದು ಬುಕ್ ಮಾಡಿದ್ದರಿಂದ ಹಳೆಯದನ್ನು ಮಾರಲು ಮಾತಾಗಿತ್ತು. ಕೊಳ್ಳುವವರು ಬೀಳಗಿ ತಾಲೂಕಿನ ಅನಗವಾಡಿಯ ಚಿದಾನಂದ ಮಾಸ್ತರರು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಎಂಟು ದಿನ ಬಿಟ್ಟು ಗಾಡಿ ಒಯ್ಯುವುದೆಂದು ಮುಹೂರ್ತ ನೋಡಿದ್ದರು. ನಡುವೆ ಛಟ್ಟಿ ಅಮಾವಾಸ್ಯೆ ಬಂತು. ನಾನೇ ಪಂಪಸೆಟ್ಟಿನ ಪೈಪು ಹಿಡಿದು ಇಂಜಿನ್ನು ಸಮೇತ ತೊಳೆದು ಪೂಜೆ ಮಾಡಿದೆ. ಮರುದಿನ ಹಳದಿ ದೀಪ.

"ನೀರ ಹೊಕ್ಕಿರತೈತಿ. ಗುರಪ್ಪನ ಕಡೆ ಒಣಗಿಸ್ಕೊಂಡ ಬಾ," ಎಂದರು ಸಾವಕಾರರು.

ಗುರಪ್ಪನೂ ಮೊದಲು ಹಾಗೆಯೇ ಎಂದುಕೊಂಡು ನನ್ನನ್ನು ಚೆನ್ನಾಗಿ ಬೈದ. ಸ್ಕ್ಯಾನರ್ ಹಚ್ಚಿ ನೋಡಿದವನು ಬೈಯುವುದನ್ನು ನಿಲ್ಲಿಸಿದ. ಪಿ ಸೊನ್ನೆ ಸೊನ್ನೆ ಎಂಟು ಏಳು. ಇಂಜಿನ್ನಿಗೆ ಎಣ್ಣೆ ತಳ್ಳುವ ಒತ್ತಡ ಕಡಿಮೆ ಬೀಳುತ್ತಿದೆ ಎಂದು ಅದರ ಅರ್ಥ. "ಇದು ನೀರಿನ ನಂಬರ್ ಅಲ್ಲ ತಮ್ಮಾ," ಅಂದ. ಆದರೂ ಎಲ್ಲ ಜೋಡಣೆ ಬಿಚ್ಚಿ ಒಣಗಿಸಿ, ನಂಬರ್ ಅಳಿಸಿ, ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತ. ಚಿಮ್ಮಡ ದಾರಿಯ ಏರಿನಲ್ಲಿ, "ಈಗ ಪೂರಾ ಒತ್ತು," ಅಂದ. ಒತ್ತಿದೆ. ಗಾಡಿ ಎದ್ದು ಹೊರಟಂತೆ ಮಾಡಿ, ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ ಸತ್ತುಹೋಯಿತು. ಎಷ್ಟು ಒತ್ತಿದರೂ ಆಮೆಯ ನಡಿಗೆ. ಹಳದಿ ದೀಪ ಮತ್ತೆ ಹತ್ತಿತು.

"ಕೇಳಿದ್ದ ಒತ್ತಡ ಎಷ್ಟು, ಸಿಕ್ಕಿದ್ದ ಎಷ್ಟು, ನೋಡು," ಎಂದು ತೆರೆಯನ್ನು ನನ್ನ ಕಡೆ ತಿರುಗಿಸಿದ. ಎರಡು ಅಂಕಿಗಳ ನಡುವೆ ಅರ್ಧಕ್ಕರ್ಧ ಅಂತರವಿತ್ತು.

ಗ್ಯಾರೇಜಿಗೆ ಬಂದು ದವಾಖಾನೆಯ ಸಲೈನ್ ಪೈಪುಗಳನ್ನು ತೆಗೆದ. ಮನೆಗೊಂದರಂತೆ ಎಣ್ಣೆ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳ ಹಿಂದಿನ ನಳಿಕೆಗೆ ಒಂದೊಂದು ಪೈಪು ಸಿಗಿಸಿ, ಕೆಳಗೆ ನಾಲ್ಕು ಔಷಧದ ಬಾಟಲಿ ಕಟ್ಟಿ ಇಂಜಿನ್ ಚಾಲೂ ಮಾಡಿಸಿದ. ಎಲ್ಲದರಲ್ಲೂ ಹನಿಹನಿ ಎಣ್ಣೆ ಬೀಳುತ್ತದೆ, ಬೀಳಬೇಕು ಕೂಡ. ಆದರೆ ಮೂರನೆಯ ಬಾಟಲಿ ನಾವು ನೋಡುತ್ತಿರುವಾಗಲೇ ತುಂಬಿತು, ಉಳಿದವು ತಳ ಬಿಟ್ಟು ಬೆರಳಷ್ಟೂ ಏರಿರಲಿಲ್ಲ. ಮೂರನೆಯ ಇಂಜೆಕ್ಟರು ಇಂಜಿನ್ನಿಗೆ ಹೋಗಬೇಕಾದ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿತ್ತು.

ಗುರಪ್ಪ ಕಂಬದ ಹತ್ತಿರ ಹೋಗಿ ಅಂದಿನ ಹಾಳೆ ಹರಿದ. ಹಿಂದೆ ಬರೆದ. 'ಪಿ 0087. ಮೂರನೇ ಇಂಜೆಕ್ಟರ್ ಹಿಂದಕ್ಕೆ ಎಣ್ಣೆ ಬಿಡುತ್ತದೆ. ಸಾವಕಾಶ ಹೋದರೆ ಏನೂ ತಿಳಿಯುವುದಿಲ್ಲ. ಜೋರು ಒತ್ತಿದಾಗ ಗಾಡಿ ಕೈಬಿಡುತ್ತದೆ. ಬದಲಿ ಮಾಡುವ ತನಕ ಓವರ್‌ಟೇಕ್ ಮಾಡಬಾರದು. ಗುರಪ್ಪ.' ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದ.

ಹಾಳೆ ನೋಡಿ ಸಾವಕಾರರು ನಕ್ಕರು. "ದೀಪ ಆರಿಸ್ಕೊಂಡ ಬಾ ಅಂದ್ರ ಪುರಾಣ ಬರಿಸ್ಕೊಂಡ ಬಂದಿಯಲ್ಲೋ. ಮಾರೂ ಗಾಡಿಗಿ ಯಾವ ಮಗ ಇಂಜೆಕ್ಟರ್ ಹಾಕಸ್ತಾನ?" ನಾನು ಮತ್ತೆ ಗುರಪ್ಪನ ಹತ್ತಿರ ಹೋಗಿ ಬರೇ ದೀಪ ಆರಿಸು ಎಂದು ಕೇಳಿದೆ. ಅವನು ನನಗೆ ಬೈಯಲೂ ಇಲ್ಲ. ಕೈ ತೊಳೆದು, ಬೈಕ್ ಹತ್ತಿ, ನನಗಿಂತ ಮೊದಲೇ ಸಾವಕಾರರ ವಾಡೆಗೆ ಬಂದು ನಿಂತ. ನಿಂತದ್ದು ಅಂಗಳದಲ್ಲಿ. ಅವನನ್ನು ಕಟ್ಟೆ ಹತ್ತಿಸುವ ರೂಢಿ ಆ ಮನೆಯಲ್ಲಿಲ್ಲ. ಅವನು ಮುಟ್ಟಿ ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ದೇವರ ಗುಡಿಗೆ ಹೋಗಲು ಏನೂ ಅಡ್ಡಿ ಇರಲಿಲ್ಲ, ಅದು ಬೇರೆ ಮಾತು.

"ನೀ ನಿನ್ನ ಕೆಲಸಾ ಮಾಡೀದಿ, ಹೋಗಿನ್ನ. ಗಾಡಿ ನಂದು," ಎಂದರು ಸಾವಕಾರರು ಕಟ್ಟೆಯ ಮೇಲಿನಿಂದ.

"ಗಾಡಿ ನಿಮ್ದರೀ ಸಾವಕಾರ್ರ. ಕುಂತ ಹೋಗವ್ರ ಜೀವ ನಿಮ್ದಲ್ಲಲ್ರಿ," ಎಂದ ಗುರಪ್ಪ.

ಸಾವಕಾರರು ಎದ್ದು ಒಳಗೆ ಹೋದರು. ಗುರಪ್ಪ ಬೈಕಿನ ಹತ್ತಿರ ನನ್ನನ್ನು ಕರೆದು, "ಆ ಹಾಳಿ ಮಾಸ್ತರ ಕೈಯಾಗ ಕೊಡು ತಮ್ಮಾ. ಮತ್ತೇನೂ ಮಾಡಬ್ಯಾಡ, ಅಷ್ಟ ಮಾಡು," ಅಂದ.

"ಕೊಡ್ತೀನಿ," ಅಂದೆ. ಅನ್ನುವಾಗ ಕೊಡುವ ಮನಸ್ಸೇ ಇತ್ತು. ಇದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದೀಪ ಆರಿಸಿದವನು ನಾನು. ಫೋನಿಗೆ ಕೂಡಿಸುವ ಹೆಬ್ಬೆರಳಿನಷ್ಟು ಸಾಧನವೊಂದು ಈಗ ಎಲ್ಲ ಕಡೆ ಸಿಗುತ್ತದೆ, ನಾನೂ ಚಟಕ್ಕೆ ತರಿಸಿಟ್ಟುಕೊಂಡಿದ್ದೆ. ಸ್ಟಿಯರಿಂಗಿನ ಕೆಳಗೆ ಸಿಗಿಸಿ, ಫೋನಿನ ಮೇಲೆ ಒಮ್ಮೆ ಒತ್ತಿದೆ, ದೀಪ ಆರಿತು. ಅದನ್ನು ಹೇಗೆ ಬಳಸಬೇಕೆಂದು ನನಗೆ ತೋರಿಸಿಕೊಟ್ಟವನೂ ಗುರಪ್ಪನೇ. ಹೊಟ್ಟೆಪಾಡಿಗೆ ಮಾಡಿದೆ ಎಂದು ಹೇಳಿಕೊಳ್ಳಬಹುದು, ಅದು ಸುಳ್ಳು. ಈ ಗಾಡಿ ಬಿಟ್ಟಿದ್ದರೆ ಇನ್ನೊಬ್ಬರ ಗಾಡಿ ಸಿಗುತ್ತಿತ್ತು, ಡ್ರೈವರಿಗೆ ನಮ್ಮ ಕಡೆ ಬರ ಇಲ್ಲ. ಸಾವಕಾರರ ಮುಖ ಗಂಟಿಕ್ಕಿದರೆ ನನಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೇ. ಹದಿನೆಂಟು ವರ್ಷದಲ್ಲಿ ಕಲಿತ ವಿದ್ಯೆ ಅದೊಂದೇ.

ಮಾಸ್ತರರು ಹೆಂಡತಿ ಮಧುಮತಿ ಅಕ್ಕನವರನ್ನು ಕರೆದುಕೊಂಡು ಬಂದರು. ಗಣಿತದ ಮಾಸ್ತರರಲ್ಲವೇ, ಎಲ್ಲ ಕ್ರಮವಾಗಿ ನೋಡಿದರು. ಟಾಯರು, ಬ್ಯಾಟರಿ, ಕಾಗದಪತ್ರ. ಕೀಲಿ ತಿರುವಿ, ಸರಿಯಿರುವ ಗಾಡಿಯಲ್ಲಿ ಆಗುವಂತೆ ಹಳದಿ ದೀಪ ಒಮ್ಮೆ ಹತ್ತಿ ಆರುವುದನ್ನೂ ನೋಡಿದರು. ಒಂದು ಸುತ್ತು ಓಡಿಸಿಯೂ ನೋಡಿದರು, ಆದರೆ ಅವರದು ಸಾವಕಾಶ ಓಡಿಸುವ ಕೈ. ವೇಗ ನಲವತ್ತು ದಾಟದ ಗಾಡಿ ತನ್ನ ರೋಗ ತೋರಿಸಲಿಲ್ಲ.

"ಗಾಡಿ ಯಾರ ಕಡೆ ತೋರಸ್ತಿದ್ರಿ?" ಎಂದು ಕೇಳಿದರು.

"ಬನಹಟ್ಟಿ ಗುರಪ್ಪನ ಕಡೆ. ಮೊನ್ನಿನೂ ಅವನ ನೋಡ್ಯಾನ," ಎಂದರು ಸಾವಕಾರರು. ಸುಳ್ಳೇನಲ್ಲ, ನೋಡಿದ್ದ.

"ಗುರಪ್ಪ ನೋಡಿದ ಗಾಡಿ ಅಂದ್ರ ಮುಗೀತು," ಎಂದು ಮಾಸ್ತರರು ಹೆಂಡತಿಯ ಕಡೆ ತಿರುಗಿ ನಕ್ಕರು. ಆಮೇಲೆ ನನ್ನನ್ನು ಕೇಳಿದರು, "ಏನಪಾ, ನೀ ಓಡಿಸಿದಾಂವ. ಗಾಡಿ ಹೆಂಗೈತಿ?"

ಹಾಳೆ ನನ್ನ ಅಂಗಿಯ ಕಿಸೆಯಲ್ಲಿತ್ತು. ಸಾವಕಾರರು ನನ್ನನ್ನು ನೋಡುತ್ತಿದ್ದರು.

"ಛಲೋ ಐತ್ರಿ ಸರ," ಅಂದೆ.

ಮಧುಮತಿ ಅಕ್ಕನವರು ಗಾಡಿಗೆ ಆರತಿ ಬೆಳಗಿ ನನ್ನ ಕೈಗೂ ಒಂದು ಪೇಢೆ ಇಟ್ಟರು. ತಿಂದೆ.

ಮೂರು ವಾರ ಏನೂ ಆಗಲಿಲ್ಲ. ಎಳ್ಳಮಾಸಿಯ ದಿನ ಮಾಸ್ತರರು ಹೆಂಡತಿಯೊಡನೆ ಮುಧೋಳದ ಕಡೆ ಅಕ್ಕನವರ ತವರಿನ ಹೊಲಕ್ಕೆ, ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊರಟಿದ್ದರು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ. ಹೊತ್ತಾಗುತ್ತದೆ, ಒಂದನ್ನಾದರೂ ದಾಟಿರಿ ಎಂದು ಅಕ್ಕನವರು ಹೇಳಿದರಂತೆ. ಎದುರಿಗೆ ಲಾರಿ ದೂರದಲ್ಲಿತ್ತು, ದಾಟಲು ಜಾಗ ಬೇಕಾದಷ್ಟಿತ್ತು. ಮಾಸ್ತರರು ಬಲಕ್ಕೆ ಎಳೆದು ಪೂರಾ ಒತ್ತಿದರು. ಗಾಡಿ ಮೊದಲನೆಯ ಟ್ರೇಲರನ್ನು ದಾಟಿತು. ಎರಡನೆಯದರ ಪಕ್ಕದಲ್ಲಿ ಗಾಡಿ ಕೈಬಿಟ್ಟಿತು. ಮುಂದೆ ಹೋಗಲೂ ಆಗದು, ಹಿಂದೆ ಸರಿಯಲು ಹೊತ್ತೂ ಇರಲಿಲ್ಲ, ಎದುರಿನ ಲಾರಿ ಬಂದು ಬಡಿಯಿತು. ಮಾಸ್ತರರ ಎಡಗೈ ಎರಡು ಕಡೆ ಮುರಿಯಿತು. ಅಕ್ಕನವರು ದವಾಖಾನೆ ಮುಟ್ಟುವ ಮೊದಲೇ ಹೋದರು.

ಪೊಲೀಸರು ಓವರ್‌ಟೇಕ್ ಮಾಡುವಾಗ ಆದ ಅಪಘಾತ ಎಂದು ಬರೆದುಕೊಂಡರು. ಆದರೆ ಮಾಸ್ತರರು ಗಾಡಿ ಕೈಬಿಟ್ಟದ್ದನ್ನು ಮರೆಯಲಿಲ್ಲ. ಹದಿನೈದು ದಿನಕ್ಕೆ, ಕೊರಳಿಗೆ ಕೈ ತೂಗುಹಾಕಿಕೊಂಡು, ನಾಲ್ಕು ಮಂದಿ ನೆಂಟರೊಡನೆ ನಮ್ಮ ಕಡೆ ಬಂದರು. ಮೊದಲು ಬಂದದ್ದು ಚಿಮ್ಮಡಕ್ಕೆ, ಸಾವಕಾರರ ಹತ್ತಿರ. ಸಾವಕಾರರು ಕಣ್ಣಲ್ಲಿ ನೀರು ತಂದುಕೊಂಡು, "ನಮಗೇನ್ ತಿಳಿತೈತ್ರಿ ಸರ, ದೀಪ ಹತ್ತಿತ್ತು, ಗುರಪ್ಪ ಆರಿಸಿ ಕೊಟ್ಟ," ಎಂದುಬಿಟ್ಟರು. ಮಾಸ್ತರರು ಗುರಪ್ಪನ ಗ್ಯಾರೇಜಿನ ಕಡೆ ಹೊರಟ ಕೂಡಲೇ, ಏನು ಮಾತಾಗುತ್ತದೋ ನೋಡಿಕೊಂಡು ಬಾ ಎಂದು ಸಾವಕಾರರು ನನ್ನನ್ನು ಹಿಂದೆ ಅಟ್ಟಿದರು.

ಗ್ಯಾರೇಜಿನ ಮುಂದೆ ಜನ ನೆರೆದಿದ್ದರು. ಮಾಸ್ತರರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸಾಲೆಯಲ್ಲಿ ಹುಡುಗರನ್ನು ಕೇಳುವ ದನಿಯಲ್ಲಿ, "ದೀಪ ನೀ ಆರಿಸಿದ್ಯಾ, ಗುರಪ್ಪಾ?" ಎಂದರು.

"ಇಲ್ರಿ ಸರ. ದೋಷ ಏನೈತಿ ಅಂತ ನಾ ಹಾಳ್ಯಾಗ ಬರದೇನಿ. ಓವರ್‌ಟೇಕ್ ಮಾಡಬಾರದಂತ ಬರದೇನ್ರಿ. ನಿಮ್ಮ ಕೈಯಾಗ ಕೊಡಂತ ಇವನ ಕಡೆ ಕೊಟ್ಟಿದ್ದೆ." ಗುರಪ್ಪ ನನ್ನ ಕಡೆ ಕೈ ಮಾಡಿದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ನಾನು ಇದ್ದೇನೆ ಎಂಬ ಧೈರ್ಯ ಅವನಿಗೆ.

ಎಲ್ಲರೂ ನನ್ನನ್ನು ನೋಡಿದರು. ಹಾಳೆ ನನ್ನ ಪಾಕೀಟಿನಲ್ಲಿ ಲೈಸೆನ್ಸಿನ ಹಿಂದೆ ಮಡಚಿ ಕೂತಿತ್ತು. ಅದನ್ನು ತೆಗೆದರೆ ಗುರಪ್ಪ ಉಳಿಯುತ್ತಾನೆ. ಆಮೇಲೆ ಮಾಸ್ತರರು ನನ್ನನ್ನು ಕೇಳುತ್ತಾರೆ, ಛಲೋ ಐತಿ ಅಂದವನು ನೀನೇ ಅಲ್ಲವೇ ಎಂದು. ದೀಪ ಆರಿಸಿದವರು ಯಾರು ಎಂದೂ ಕೇಳುತ್ತಾರೆ.

"ಅಮಾಸಿ ಮರುದಿನ ದೀಪ ಹತ್ತಿತ್ರಿ," ಎಂದೆ. "ನೀರ ಹೊಕ್ಕೈತಿ ಅಂತ ಗುರಪ್ಪಣ್ಣ ಒಣಗಿಸಿ, ನಂಬರ್ ಅಳಿಸಿ ಕೊಟ್ಟ. ಹಾಳಿ ಗೀಳಿ ನನಗ ಗೊತ್ತಿಲ್ರಿ."

ಅಷ್ಟು ಸಾಕಾಯಿತು. ನೆರೆದಿದ್ದವರಲ್ಲಿ ಅಮಾವಾಸ್ಯೆಯ ಮರುದಿನ ಗುರಪ್ಪನ ಕೈಯಲ್ಲಿ ಗಾಡಿ ಒಣಗಿಸಿಕೊಳ್ಳದವರು ಯಾರಿದ್ದರು? ತಮ್ಮ ಕಣ್ಣೆದುರೇ ಅವನು ನಂಬರ್ ಅಳಿಸಿದ್ದನ್ನು ಎಲ್ಲರೂ ಹತ್ತಾರು ಸಲ ನೋಡಿದ್ದರು. ಈ ಸಲವೂ ನೀರೆಂದು ತಿಳಿದು ಅಳಿಸಿರಬೇಕು ಎಂದು ತಲೆ ಅಲ್ಲಾಡಿಸಿದರು. ಅವನ ಕೈಯಿಂದ ಎಷ್ಟೋ ಸಲ ಉಪಕಾರ ಮಾಡಿಸಿಕೊಂಡವನೊಬ್ಬ, "ಪುಕ್ಕಟ ಕೆಲಸಾ ಮಾಡಾಂವ ಎಷ್ಟಂತ ನೋಡಿ ಮಾಡ್ಯಾನು," ಎಂದ.

ಗುರಪ್ಪ ನನ್ನನ್ನೇ ನೋಡುತ್ತ ನಿಂತ. ನಾನು ಅವನ ಚಪ್ಪಲಿ ನೋಡಿದೆ. ಇನ್ನೊಂದು ಮಾತು ಆಡುತ್ತಾನೆ, ನನ್ನ ಕಿಸೆಗೆ ಕೈ ಹಾಕುತ್ತಾನೆ ಎಂದು ಕಾದೆ. ಅವನು ಕೈಯಲ್ಲಿದ್ದ ಬಟ್ಟೆ ಮಡಚಿ ಹೆಗಲ ಮೇಲೆ ಹಾಕಿಕೊಂಡ, ಅಷ್ಟೇ.

"ನಾ ಸಾವಕಾರ್ರ ಮಾತ ಕೇಳಿ ಗಾಡಿ ತೊಗೊಳ್ಳಲಿಲ್ಲ ಗುರಪ್ಪಾ," ಎಂದರು ಮಾಸ್ತರರು. "ನಿನ್ನ ಹೆಸರ ಕೇಳಿ ತೊಗೊಂಡ್ನಿ." ಹಾಗೆಂದು ಹೋಗಿಬಿಟ್ಟರು.

ಹೆಸರು ಕಟ್ಟಲು ಮೂವತ್ತು ವರ್ಷ ಹಿಡಿದಿತ್ತು, ಬೀಳಲು ಆ ಯುಗಾದಿಯ ತನಕವೂ ಹಿಡಿಯಲಿಲ್ಲ. ಮೊದಲು ಮಾಸ್ತರ ಮಂದಿ ಬರುವುದನ್ನು ಬಿಟ್ಟರು, ಆಮೇಲೆ ಬಾಡಿಗೆ ಗಾಡಿಯವರು. ಅಮಾವಾಸ್ಯೆಯ ಮರುದಿನವೂ ಗ್ಯಾರೇಜಿನ ಮುಂದೆ ನಾಯಿ ಮಲಗಿರುತ್ತಿತ್ತು. ಗುರಪ್ಪ ಕೆಲವು ದಿನ ಕಂಬದ ಕ್ಯಾಲೆಂಡರಿನ ಹಾಳೆ ಹರಿದು ಸುಮ್ಮನೆ ಕೂಡುತ್ತಿದ್ದ, ಆಮೇಲೆ ಹರಿಯುವುದನ್ನೂ ಬಿಟ್ಟ. ಮಳೆಗಾಲದ ಹೊತ್ತಿಗೆ ಶೆಡ್ಡು ಬಿಚ್ಚಿ ತಗಡು ಒಯ್ದ.

ರೇಷ್ಮಾ ಈಗ ಮುಧೋಳದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಒಂದು ದಿನ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ದಾರಿ ಕಟ್ಟಿ ನಿಂತಳು. "ಕಾಕಾ, ನಮ್ಮಪ್ಪ ಮನ್ಯಾಗ ಮಾತ ಆಡೂದ ಬಿಟ್ಟಾನ್ರಿ. ಅಂವ ಹೇಳಿದ್ದು ಖರೆನೋ ಸುಳ್ಳೋ, ಅಷ್ಟ ಹೇಳ್ರಿ. ಮಂದಿಗೆ ಬ್ಯಾಡ, ನನಗಷ್ಟ ಹೇಳ್ರಿ." ನನ್ನ ಬಸ್ಸು ಬಂತು ಎಂದು ಹೇಳಿ ಹೊರಟೆ. ಡ್ರೈವರಾದ ನನಗೆ ಬಸ್ಸು ಯಾಕೆ ಎಂದು ಅವಳಿಗೆ ಗೊತ್ತಾಗದೇ ಇರಲಿಕ್ಕಿಲ್ಲ.

ಗುರಪ್ಪ ಈಗ ಎಲ್ಲಿ ದುಡಿಯುತ್ತಿದ್ದಾನೆಂದು ನನಗೆ ಗೊತ್ತಾದದ್ದು ಹೋದ ಅಮಾವಾಸ್ಯೆಗೆ. ವಾಡೆಯ ಬೋರಿನ ಮೋಟಾರು ಸುಟ್ಟಿತ್ತು. ಹೊಸ ಗಾಡಿ ತೊಳೆಸಿಕೊಂಡು ಬಾ ಎಂದು ಸಾವಕಾರರು ಜಮಖಂಡಿಗೆ ಕಳಿಸಿದರು. ಮುಧೋಳ ರಸ್ತೆಯಲ್ಲಿ ಒಂದು ವಾಷಿಂಗ್ ಸೆಂಟರಿನಲ್ಲಿ ಸರದಿ ಹಚ್ಚಿದೆ. ನನ್ನ ಗಾಡಿ ಒಳಗೆ ಹೋದಾಗ ರಬ್ಬರ್ ಬೂಟು ಹಾಕಿಕೊಂಡು, ಮೊಳಕಾಲ ತನಕ ತೊಯ್ದು, ನೀರಿನ ಪೈಪು ಹಿಡಿದು ನಿಂತವನು ಗುರಪ್ಪ. ಇಂಜಿನ್ನಿಗೆ ನೀರು ಹಾಕಬೇಡಿ ಎಂದು ಮೂರು ತಾಲೂಕಿನ ಮಂದಿಗೆ ಬೈದವನಿಗೆ ಕೊನೆಗೆ ಸಿಕ್ಕ ಕೆಲಸ ಅದು.

ಅವನು ನನ್ನನ್ನು ನೋಡಿದ. ಬಾನೆಟ್ ಎತ್ತಿ, ಕಿಸೆಯಿಂದ ಪ್ಲಾಸ್ಟಿಕ್ ಚೀಲಗಳನ್ನು ತೆಗೆದು ಕಂಪ್ಯೂಟರ್ ಡಬ್ಬಿಗೆ, ವೈರಿನ ಜೋಡಣೆಗಳಿಗೆ ಒಂದೊಂದಾಗಿ ಹೊದಿಸಿ ರಬ್ಬರಿನಿಂದ ಕಟ್ಟತೊಡಗಿದ. "ಹೊತ್ತ ಮಾಡಬ್ಯಾಡೋ ಗುರಪ್ಪಾ, ಜೋರ ಹೊಡಿ ನೀರ, ಗಿರಾಕಿ ನಿಂತಾವ," ಎಂದು ಅವನ ಅರ್ಧ ವಯಸ್ಸಿನ ಮಾಲೀಕ ಒದರಿದ. "ಹೂನ್ರಿ," ಎಂದ ಗುರಪ್ಪ, ಕಟ್ಟುವುದನ್ನು ನಿಲ್ಲಿಸಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪಾಕೀಟು ತೆಗೆದು, ಲೈಸೆನ್ಸಿನ ಹಿಂದಿನಿಂದ ಆ ಹಾಳೆ ಎಳೆದು ಅವನ ಮುಂದೆ ಹಿಡಿದೆ. "ಅಣ್ಣಾ, ತಪ್ಪಾತು," ಅಂದೆ. ಅವನು ಎರಡೂ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಹಾಳೆಯನ್ನು ಅಂಚಿನಲ್ಲಿ ಹಿಡಿದು ಬಿಡಿಸಿದ. ಮಡಿಕೆಯಲ್ಲಿ ಹರಿದಿತ್ತು, ಅಕ್ಷರ ಮಾಸಿರಲಿಲ್ಲ. ತುಟಿ ಅಲ್ಲಾಡಿಸುತ್ತ ಪೂರಾ ಓದಿದ. ಹೇಗಿತ್ತೋ ಹಾಗೆ ಮಡಚಿ ನನ್ನ ಕೈಯಲ್ಲೇ ಇಟ್ಟ.

"ಇದು ಮಾಸ್ತರಿಗೆ ಮುಟ್ಟಬೇಕಾದ ಹಾಳಿ ಐತ್ರಿ. ನನಗ್ಯಾಕ ಕೊಡಾಕತ್ತೀರಿ? ಇದರಾಗ ಏನೈತಿ ಅಂತ ನನಗ ಗೊತ್ತೈತಿ."

ಇಷ್ಟು ವರ್ಷದಲ್ಲಿ ಅವನು ನನಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು. ತಮ್ಮಾ ಎಂಬ ಮಾತು ಮತ್ತೆ ಬರಲಿಲ್ಲ. ಗಾಡಿ ತೊಳೆದು, ಚೀಲಗಳನ್ನೆಲ್ಲ ಬಿಚ್ಚಿ, ಬಾನೆಟ್ ಹಾಕಿ, "ಕೀಲಿ ತಿರುವಿ ನೋಡ್ರಿ," ಅಂದ. ಹಳದಿ ದೀಪ ಹತ್ತಿ ಆರಿತು. "ಬರೊಬ್ಬರಿ ಐತ್ರಿ. ಹೋಗ್ರಿ," ಎಂದು ಮುಂದಿನ ಗಾಡಿಗೆ ಕೈ ಮಾಡಿದ.

ಅದಾಗಿ ನಾಲ್ಕು ದಿನಕ್ಕೆ ನಾನು ಅನಗವಾಡಿಗೆ ಹೋದೆ. ಸಾವಕಾರರಿಗೆ ಹೇಳದೆಯೇ ಹೋದೆ, ಅಷ್ಟಾದರೂ ಧೈರ್ಯ ಬಂದಿತ್ತು. ಮಾಸ್ತರರು ಪಡಸಾಲೆಯಲ್ಲಿ ಒಬ್ಬರೇ ಕೂತು ಪೇಪರ್ ತಿದ್ದುತ್ತಿದ್ದರು. ಎಡಗೈ ಇನ್ನೂ ಪೂರಾ ಮಡಚುತ್ತಿರಲಿಲ್ಲ. ಗೋಡೆಯ ಮೇಲೆ ಅಕ್ಕನವರ ಫೋಟೊ, ಅದಕ್ಕೊಂದು ಮಾಲೆ. ನನ್ನ ಗುರುತು ಹಿಡಿದು, "ಬಾರಪಾ, ಒಳಗ ಬಾ. ಖರೆ ಹೇಳಿದಾಂವ ನೀ ಒಬ್ಬನ," ಎಂದು ಕುರ್ಚಿ ಸರಿಸಿದರು. ತಾವೇ ಎದ್ದು ಹೋಗಿ ಚಹಾ ಮಾಡಿ ತಂದರು. ನಾನು ಹಾಳೆ ಇದ್ದ ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ.

"ಆ ಗುರಪ್ಪ ಈಗ ಏನ್ ಮಾಡ್ತಾನ?" ಎಂದು ಕೇಳಿದರು.

"ಜಮಖಂಡ್ಯಾಗ ಗಾಡಿ ತೊಳಿತಾನ್ರಿ."

ಮಾಸ್ತರರು ಫೋಟೊದ ಕಡೆ ನೋಡಿ, ಎಷ್ಟೋ ದಿನದ ಲೆಕ್ಕ ತಾಳೆಯಾದಂತೆ ಒಂದು ಉಸಿರು ಬಿಟ್ಟರು. "ದೇವರ ಅದಾನ ಬಿಡಪಾ," ಎಂದರು.

"ಹೌದ್ರಿ ಸರ," ಎಂದೆ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, ಎದ್ದು ಬಂದೆ.